ವರ್ನಾ ಹಿಡಿದಿಟ್ಟ ಕುರ್ಚಿ

ಶಾಸನಸಭೆಯ ಸಮಿತಿ ಕೋಣೆಯಲ್ಲಿ ವರ್ನಾ ಟ್ಯಾಕೆಟ್ ಪಕ್ಕದ ಕುರ್ಚಿಗೆ ತನ್ನ ಕೋಟು ಹಾಸಿ ಕಾಯುತ್ತಿದ್ದಳು. ಜಾಗ ಕೇಳಿದವರಿಗೆಲ್ಲ ಒಂದೇ ಉತ್ತರ: "ಜನರಲ್ ಬರ್ತಾರೆ."

ಹಾರ್ಲನ್ ಬ್ರ್ಯಾಗ್ ರಾಜ್ಯದ ಅಟಾರ್ನಿ ಜನರಲ್, ಅಂದರೆ ಸರ್ಕಾರದ ಮುಖ್ಯ ವಕೀಲನ ಹುದ್ದೆ ಬಿಟ್ಟು ವರ್ಷಗಳಾಗಿದ್ದವು. ಗುಡ್ಡದ ಜನರಿಗೆ ಅವನು ಈಗಲೂ 'ಜನರಲ್'. ಕಲ್ಲಿದ್ದಲು ತೊಳೆದ ಕೊಳಚೆ ನೀರು ಅವರ ಬಾವಿಗಳಿಗೆ ಇಳಿದಾಗ ಗಣಿ ಕಂಪನಿಯ ಮೇಲೆ ದಾವೆ ಹೂಡಿದವನು ಅವನೇ. ವರ್ನಾಳ ಅಡುಗೆಮನೆಗೆ ಬಂದು, ಲೋಟದ ನೀರನ್ನು ಮೂಸಿ, ತನ್ನ ಕೈಯಾರೆ ಸಿಂಕಿಗೆ ಸುರಿದಿದ್ದ. "ಇದನ್ನ ನಾಯಿಗೂ ಕುಡಿಸ್ಬೇಡಿ ವರ್ನಕ್ಕ" ಎಂದಿದ್ದ. ಆ ದಾವೆ ಮುಗಿದಂದಿನಿಂದ ಕಂಪನಿ ಟ್ಯಾಂಕರಿನಲ್ಲಿ ಒಳ್ಳೆಯ ನೀರು ಕಳಿಸುತ್ತಿತ್ತು. ಆ ಟ್ಯಾಂಕರನ್ನು ನಿಲ್ಲಿಸುವ ಮಸೂದೆಯೇ ಇವತ್ತು ಸಮಿತಿಯ ಮುಂದಿತ್ತು.

ಬ್ರ್ಯಾಗ್ ಬಂದವನೇ ಅವಳನ್ನು ತಬ್ಬಿಕೊಂಡ. "ವರ್ನಕ್ಕ! ನಿಮ್ಮ ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು ಇನ್ನೂ ನಾಲಿಗೆ ಮೇಲಿದೆ. ಕೋಟು ತೆಗೀಲಾ?"

"ಇರ್ಲಿ ಬಿಡಿ ಜನರಲ್, ಮೆತ್ತಗಿರುತ್ತೆ."

ಅಧ್ಯಕ್ಷರು ಕೂಗಿದರು: "ಮಸೂದೆಯ ಪರ ಮೊದಲ ಸಾಕ್ಷಿ, ಜನರಲ್ ಬ್ರ್ಯಾಗ್."

ವರ್ನಾ ಅವನ ತೋಳು ಜಗ್ಗಿದಳು. "ಪರ ಅಂದ್ಬಿಟ್ರು! ತಪ್ಪಾಗಿದೆ ಅಂತ ಹೇಳಿ."

ಬ್ರ್ಯಾಗ್ ಅವಳ ಹೆಗಲು ತಟ್ಟಿ ಎದ್ದು, ಸಮಿತಿಯ ಮುಂದೆ ಹೋಗಿ ನಿಂತ.

"ನಾನೀಗ ಗಣಿ ಕಂಪನಿಯ ಲಾಬಿಗಾರ, ಅವರ ಪರವಾಗಿ ನಿಮ್ಮ ಹತ್ರ ಮಾತಾಡೋಕೆ ಬಂದಿದ್ದೀನಿ. ಆ ಬಾವಿಗಳು ನನಗೆ ಹೊಸದಲ್ಲ. ಅಲ್ಲಿ ಕೂತಿದ್ದಾರಲ್ಲ ವರ್ನಕ್ಕ, ಅವರ ಅಡುಗೆಮನೇಲಿ ಉಂಡವನು ನಾನು. ನೀರು ಸರಿಯಾಗಿದೆ. ಹೋಗದೇ ಇರೋದು ಜನರ ಭಯ, ಅಷ್ಟೆ."

ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೇವೆ. ಈ ಬೇಲಿ ಹೊಲದ ಒಡತಿಯ ಹೆಸರು ಹೇಳಿಕೊಂಡೇ ಮೇಯುತ್ತಿತ್ತು. ಬ್ರ್ಯಾಗ್ ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕೂತ.

"ಇದು ನನ್ನ ಕೆಲಸ ವರ್ನಕ್ಕ, ಮನಸ್ಸಿಗೆ ಹಚ್ಕೋಬೇಡಿ."

ಅವಳ ಸರದಿ ಬಂತು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದು ಒಂದೂ ನೆನಪಾಗಲಿಲ್ಲ.

"ಇವತ್ತು ಬೆಳಿಗ್ಗೇನೂ ಬಾವೀಲಿ ಕೊಳೆತ ಮೊಟ್ಟೆ ವಾಸನೆ ಇತ್ತು ಅಧ್ಯಕ್ಷರೇ. ಬಾವಿ ಅದೇ, ನೀರು ಅದೇ, ಜನರಲ್‌ಗೆ ಸಂಬಳ ಕೊಡೋರು ಮಾತ್ರ ಬೇರೆ. ಅವತ್ತು ಲೋಟದ ನೀರು ಯಾಕೆ ಚೆಲ್ಲಿದ್ರು, ಅವರನ್ನೇ ಕೇಳಿ. ನನಗಿರೋ ಸಾಕ್ಷಿ ಅವರೊಬ್ಬರೇ."

ಅಧ್ಯಕ್ಷರು ಕನ್ನಡಕ ತೆಗೆದರು. "ಒಬ್ಬ ಸಾಕ್ಷಿಗೆ ಒಂದೇ ಸರದಿ ಅಮ್ಮಾ. ಜನರಲ್ ಆಗ್ಲೇ ಮಾತಾಡಿ ಆಯ್ತಲ್ಲ."

ಮಸೂದೆಯ ಪರ ಸದಸ್ಯರ ಕೈಗಳು ಎದ್ದವು. ಟ್ಯಾಂಕರು ನಿಂತಿತು.

ವರ್ನಾ ಕುರ್ಚಿಯ ಬಳಿ ಬಂದು ನಿಂತಳು. ಬ್ರ್ಯಾಗ್ ಕೈ ಚಾಚಿದ. ಅವಳು ಅದನ್ನು ಮುಟ್ಟಲಿಲ್ಲ.

"ಏಳಿ ಬ್ರ್ಯಾಗ್," ಎಂದಳು. "ನನ್ನ ಕೋಟಿನ ಮೇಲೆ ಕೂತಿದ್ದೀರಿ."