ತೊಳೆದು ಬಂದ ಕೈ

"ಸುಳ್ಳು ಹೇಳ್ಬೇಡಿ. ಸೋಪಿಗೆ ಈ ಗ್ರೀಸು ಬಿಡಲ್ಲ ಅಂತ ನನಗೆ ಗೊತ್ತಿಲ್ವಾ? ಯಾರ್ರೀ ತಿಕ್ಕಿದ್ದು?"

ಸುಮನಾ ಗಂಡನ ಕೈಯನ್ನು ಮೂಗಿಗೆ ಹಿಡಿದಳು. ನಿಂಬೆಹಣ್ಣು. ಬಸವಪ್ರಭು ಕೈ ಕಿತ್ತುಕೊಂಡು, ಗ್ಯಾರೇಜಿಗೆ ಕೈ ತೊಳೆಯೋ ಹೊಸ ಪೇಸ್ಟು ತಂದಿದ್ದಾರೆ, ಅದರ ವಾಸನೆಯೇ ಹಾಗೆ ಅಂತ ಗೊಣಗಿದ.

ಅವನು ಟ್ರ್ಯಾಕ್ಟರ್ ಮೆಕ್ಯಾನಿಕ್ಕು. ಗುಬ್ಬಿಯ ಸ್ವಂತ ಗ್ಯಾರೇಜು ಮುಚ್ಚಿ ಕುಣಿಗಲ್ಲಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮನೆಗೆ ಬರುವುದು ಶನಿವಾರ ಮಾತ್ರ. ಮೊದಲು ದಿನಾ ಸಂಜೆ ಹಿತ್ತಲ ಕಲ್ಲಿನ ಮೇಲೆ ಕೈ ಚಾಚಿ ಕೂರುತ್ತಿದ್ದ. ಚಿತ್ರಾನ್ನಕ್ಕೆ ಹಿಂಡಿದ ನಿಂಬೆಹೋಳನ್ನು ಸುಮನಾ ಎಸೆದವಳೇ ಅಲ್ಲ. ಉಪ್ಪಿನಲ್ಲಿ ಅದ್ದಿ, ಒಂದೊಂದೇ ಬೆರಳು ಹಿಡಿದು ಉಗುರಿನ ಸಂದಿವರೆಗೂ ತಿಕ್ಕುತ್ತಿದ್ದಳು. ಉಳಿದ ಸಿಪ್ಪೆ ದೀಪದ ಕಂಬಕ್ಕೆ, ತಾಮ್ರದ ಚೊಂಬಿಗೆ, ಸಿಂಕಿಗೆ. ಕೈ ತಿಕ್ಕುತ್ತಿದ್ದಷ್ಟು ಹೊತ್ತೂ ಬಾಯಿ ಬೈಯುತ್ತಿತ್ತು. ಅವನ ತಮ್ಮನಿಗೊಂದಿಷ್ಟು, ಗ್ಯಾರೇಜಿಗೊಂದಿಷ್ಟು, ಮಿಕ್ಕಿದ್ದೆಲ್ಲ ಅವನಿಗೇ. ಆದರೆ ಬೆಳಗಿನಿಂದ ಅವಳು ಕಾಯುತ್ತಿದ್ದದ್ದು ಆ ಅರ್ಧ ಗಂಟೆಗೇ. ಅದನ್ನು ಯಾವತ್ತೂ ಹೇಳಿರಲಿಲ್ಲ. ಬೆರಳು ಹಿಡಿದು ಕೂತಿದ್ದೀನಲ್ಲ, ಈ ಮನುಷ್ಯನಿಗೆ ಅಷ್ಟೂ ಗೊತ್ತಾಗಲ್ವಾ ಅಂದುಕೊಂಡಿದ್ದಳು.

ಈಗ ಮೂರು ಶನಿವಾರದಿಂದ ಕೈ ತೊಳೆದೇ ಬರುತ್ತಿತ್ತು.

ನಿಮಗೆ ಎಡಗೈಯಲ್ಲಿ ಗುಂಡಿ ಹಾಕಿಕೊಳ್ಳೋಕೂ ಬರಲ್ಲ, ಬಲಗೈ ಉಗುರು ಇಷ್ಟು ಬೆಳ್ಳಗಾಗಿದ್ದು ಹೇಗೆ ಅಂತ ಅವಳು ಬಿಡದೆ ಹಿಡಿದಳು. ಬಸವಪ್ರಭು ಕೊನೆಗೆ ಹೇಳಿದ. ಗ್ಯಾರೇಜಿನ ಪಕ್ಕ ಹೋಟೆಲಿಟ್ಟಿರುವ ಮಂಜುಳಮ್ಮ, ಗಂಡ ಇಲ್ಲದವಳು. ಮೊದಲು ಕೈ ತಿಕ್ಕಿಕೊಟ್ಟಳಂತೆ, ಆಮೇಲೆ ಊಟ ಬಡಿಸಿದಳಂತೆ. ಆಮೇಲಾಮೇಲೆ ಅವನು ತನ್ನ ರೂಮಿಗೆ ಹೋಗುವುದನ್ನೇ ಬಿಟ್ಟನಂತೆ.

ಸುಮನಾ ಕೈಲಿದ್ದ ಲೋಟ ಬಿಸಾಡಿದಳು. ನನ್ನ ಕೈಯಲ್ಲೇನು ಮುಳ್ಳಿತ್ತಾ ಅಂತ ಕೇಳಿದಳು.

"ಮುಳ್ಳೇನಿರ್ಲಿಲ್ಲ ಕಣೇ," ಅಂದ. "ಅವಳು ತಿಕ್ಕೋವಾಗ ಬೈಯಲ್ಲ. ಅಷ್ಟೇ."

ಕೂತ್ಕೊಳ್ಳಿ, ಒಂದ್ಸಲ ಕೈ ಕೊಡಿ ಅನ್ನುವ ಮಾತು ಅವಳ ಗಂಟಲವರೆಗೆ ಬಂತು. ಇಪ್ಪತ್ತೆರಡು ವರ್ಷ ಮೆತ್ತಗೆ ಆಡಿ ಅಭ್ಯಾಸವಿಲ್ಲದ ನಾಲಿಗೆ.

"ಹಂಗಾದ್ರೆ ಅಲ್ಲೇ ಹೋಗಿ ಬಿದ್ದಿರಿ."

ಅವನು ಬ್ಯಾಗು ತಗೊಂಡ. ಬಾಗಿಲಲ್ಲಿ ಒಂದು ಗಳಿಗೆ ನಿಂತ. ಇನ್ನೊಂದು ಮಾತಿಗೆ ಕಾಯುತ್ತಿದ್ದಾನೆ ಅಂತ ಅವಳಿಗೆ ಗೊತ್ತಾಯಿತು, ಗೊತ್ತಾಗಿಯೂ ಲೋಟ ಹುಡುಕುವವಳಂತೆ ಬಗ್ಗಿದಳು. ತಲೆ ಎತ್ತುವಷ್ಟರಲ್ಲಿ ಅವನು ಬೀದಿಯ ಕೊನೆ ಮುಟ್ಟಿದ್ದ. ಓಡಿದ್ದರೆ ಸಿಗುತ್ತಿದ್ದ.

ಆಮೇಲೆ ನಾಲ್ಕು ಶನಿವಾರ ಸುಮನಾ ಗುಬ್ಬಿ ಬಸ್‌ಸ್ಟ್ಯಾಂಡಿಗೆ ಹೋಗಿ, ಕುಣಿಗಲ್ಲಿನಿಂದ ತುಮಕೂರಿನ ಮೇಲೆ ಬರುವ ಬಸ್ಸುಗಳು ಖಾಲಿಯಾಗುವವರೆಗೂ ನಿಂತಳು. ಅವನು ಇಳಿಯಲಿಲ್ಲ.