ಹಲಗೆಯ ಮೇಲೆ ದಿನಕ್ಕೊಂದು ತಪ್ಪು

ಈರುಳ್ಳಿ ವಾಸನೆ, ಎಲ್ಲ ಮಕ್ಕಳ ಕೈಯಲ್ಲೂ, ಬೆಳಿಗ್ಗೆ ಮಡಿಗಳಿಗೆ ನೀರು ಹೊಯ್ದು ಹಾಗೇ ಶಾಲೆಗೆ ಓಡಿಬರುತ್ತವೆ, ಕಾಲಿಗೆ ಇನ್ನೂ ಮರಳು ಮೆತ್ತಿದೆ — ಮೂವತ್ತೊಂದು ವರ್ಷದಿಂದ ಈ ವಾಸನೆ ಮೂಗಿಗೆ ಬಡಿದ ಮೇಲೇ ನನಗೆ ಬೆಳಗಾಗುವುದು, ಇದನ್ನು ಬಿಟ್ಟು ತಮಕ್ಲೋ ಕೊಡುತ್ತೇನೆನ್ನುವ ಮೇಜು ಯಾರಿಗೆ ಬೇಕು, ಹೆಡ್‌ಮಾಸ್ಟರಾದರೇನು, ಇದೇ ಕೋಣೆಯಲ್ಲಿ ಭಾಗಾಕಾರ ಬಾರದೆ ಅತ್ತವನು, ಅಗ್ಬೆಲಿ ಮೇಡಂ, ನಿಂತು ನಿಂತು ಕಾಲು ಸವೆಸಿದ್ದು ಸಾಕು, ಆಫೀಸಲ್ಲಿ ಫ್ಯಾನ್ ಕೆಳಗೆ ಕೂತ್ಕೊಳ್ಳಿ, ಈ ಪಿರಿಯಡ್ ಮುಗಿದ್ಮೇಲೆ ಒಂದು ಮಾತು ಹೇಳ್ಬಿಡಿ ಅಂದ, ಹೇಳುತ್ತೇನೆ, ಒಲ್ಲೆ ಎಂದೇ ಹೇಳುತ್ತೇನೆ, ನನಗೆ ಈ ಮಕ್ಕಳ ಹುಚ್ಚು, ಹನ್ನೆರಡು ಹದಿಮೂರರ ಈ ವಯಸ್ಸಿನ ಹುಚ್ಚು, ಅರ್ಧ ಮಗು ಅರ್ಧ ವಕೀಲ, ಮೇಡಂ, ಇವತ್ತು ತಪ್ಪನ್ನ ಎಲ್ಲಿ ಬಚ್ಚಿಟ್ಟಿದ್ದೀರಿ ಎಂದು ಹಿಂದಿನ ಬೆಂಚಿನ ಎತ್ಸೆ ಕೆಣಕುತ್ತಾನೆ, ನಿನ್ನ ಜೇಬಲ್ಲಿ ನೋಡ್ಕೊಳ್ಳೋ ಎನ್ನುತ್ತೇನೆ, ತರಗತಿ ನಗುತ್ತದೆ, ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಹಲಗೆಯ ಮೇಲೆ ಬರೆಯುತ್ತೇನೆ, ಎಂಬತ್ತಾರು ಮಡಿ, ಮುಕ್ಕಾಲು ಪಾಲು ಈರುಳ್ಳಿ, ಗುಣಿಸುವ ಕಡೆ ಬೇಕೆಂದೇ ಕೂಡಿಸುವ ಗುರುತು — ದಿನಕ್ಕೊಂದು ತಪ್ಪು ನಾನೇ ಹಾಕುವುದು, ಅವರು ಹಿಡಿಯುವುದು, ಹಿಡಿಯುವ ತನಕ ಯಾರೂ ಪೆನ್ನು ಮುಟ್ಟುವಂತಿಲ್ಲ, ಹಿಡಿದವರಿಗೆ ಸೀಮೆಸುಣ್ಣ, ಮೂರು ಚಪ್ಪಾಳೆ.

ಎದ್ದಳು, ಸೆಫಾಕೊ, ಮತ್ತೆ ಅವಳೇ, ಯಾವಾಗ್ಲೂ ಅವಳೇನಾ ಮೇಡಂ, ನಮಗೂ ಒಂದ್ಸಲ ಬಿಡಿ ಎಂದು ಎತ್ಸೆ ಗೊಣಗುತ್ತಾನೆ, ಗೊಣಗಲಿ, ಹೋದ ವರ್ಷ ಹೆಸರು ಕೂಗಿದರೆ ಬಾಯಿ ಬಿಡದಿದ್ದ ಹುಡುಗಿ, ಈ ವರ್ಷ ದಿನವೂ ಮೊದಲು ಏಳುವವಳು ಇವಳೇ, ತಮಕ್ಲೋಗೆ ಇದನ್ನೇ ಹೇಳಿದ್ದೆ, ನೋಡಪ್ಪಾ, ಮೂಕಿ ಹಾಗಿದ್ದವಳು ಹೇಗೆ ಬಾಯಿ ಬಿಡ್ತಾಳೆ, ಇದನ್ನ ಬಿಟ್ಟು ಬಾ ಅಂತೀಯಲ್ಲ — ಗುರುತು ತಿದ್ದಿದಳು, ಸರಿ, ಆದರೆ ಎಡಗೈ ಯಾಕೆ ಮೇಲಿನ ಸಾಲಿಗೆ ಹೋಯಿತು, ಬೆನ್ನು ತರಗತಿಗೆ ಅಡ್ಡ, ಅಂಗೈಯಲ್ಲಿ ಒಂದು ಅಂಕಿ ಒರೆಸಿ, ಸದ್ದಿಲ್ಲದೆ ಬೇರೆ ಬರೆದಳು, ಮೂರು ಚಪ್ಪಾಳೆ ಬಿತ್ತು, ನಾನೂ ತಟ್ಟಿದೆ, ತಟ್ಟುತ್ತಲೇ ಪುಸ್ತಕವನ್ನು ಬೆಳಕಿಗೆ ಹಿಡಿದೆ, ಮೂವತ್ತಾರು, ಅಚ್ಚಾಗಿರುವುದು ಮೂವತ್ತಾರು, ಮೂರು ನನ್ನ ಕಣ್ಣಿಗೆ ಎಂಟಾಗಿದೆ, ಎಂಬತ್ತಾರರ ಮುಕ್ಕಾಲು ಪೂರ್ತಿ ಸಂಖ್ಯೆಯೂ ಅಲ್ಲ, ಅದಾದರೂ ಹೊಳೆಯಬೇಡವೇ, ಉಳಿದವರಿಗೆ ತಿಳಿಯಲು ಪುಸ್ತಕವಿಲ್ಲ, ನನ್ನದು ಬಿಟ್ಟರೆ ಇರುವ ಒಂದೇ ಪುಸ್ತಕ ಮುಂದಿನ ಬೆಂಚಿನ ಇವಳ ಹತ್ತಿರ.

ಎಲ್ಲರೂ ತಲೆ ತಗ್ಗಿಸಿ ಬರೆಯುತ್ತಿದ್ದಾರೆ, ನಾನು ಅವಳ ಬೆಂಚಿಗೆ ಬಗ್ಗುತ್ತೇನೆ, ಎಷ್ಟು ದಿನದಿಂದ ಹೀಗೆ ಮಾಡ್ತಿದ್ದೀಯೇ, ಅವಳು ಪಿಸುಗುಟ್ಟುತ್ತಾಳೆ, ಈ ವರ್ಷ ಶಾಲೆ ಶುರುವಾದಾಗಿಂದ ಮೇಡಂ, ನಾನು ಮೊದಲು ಏಳದಿದ್ರೆ ಎತ್ಸೆ ಎರಡು ತಪ್ಪನ್ನೂ ಹಿಡೀತಾನೆ, ಆಮೇಲೆ ನಿಮ್ಮನ್ನ ಆಫೀಸಿಗೆ ಕಳಿಸ್ತಾರೆ — ಎನ್ನುತ್ತ ಎಡಗೈಯನ್ನು ಬೆನ್ನ ಹಿಂದೆ ಸೇರಿಸುತ್ತಾಳೆ, ಅಂಗೈ ಪೂರಾ ಬಿಳಿ, ಎಷ್ಟು ಒಳ್ಳೆಯ ಹುಡುಗಿ, ಧೈರ್ಯ ಬಂತೆಂದು ಬೀಗಿದ್ದೆನಲ್ಲ, ಅದು ಧೈರ್ಯವಲ್ಲ, ನನ್ನ ಮೇಲಿನ ಕನಿಕರ, ತಪ್ಪು ಕಂಡರೆ ಎದ್ದು ಕೂಗಿ ಹೇಳಿ ಎಂದು ಇಷ್ಟು ವರ್ಷ ಹೇಳಿಕೊಟ್ಟೆ, ಇವಳು ನನ್ನಿಂದ ಕಲಿತದ್ದು ಮುಚ್ಚಿಡುವುದನ್ನು, ಗಂಟೆ ಹೊಡೆಯಿತು, ಬೇವಿನ ಮರದ ಕೆಳಗೆ ತಮಕ್ಲೋ ನಿಂತಿದ್ದಾನೆ, ಹೂಂ ಎನ್ನಬೇಕು, ಎನ್ನುತ್ತೇನೆ, ಬಾಗಿಲ ತನಕ ಹೋದರೆ ಸಾಕು, ಹೋಗುತ್ತೇನೆ, ಒಂದು ನಿಮಿಷ, ಅಂಗೈ, ಗೆರೆಗೆರೆಯಲ್ಲೂ ಸುಣ್ಣ, ನನಗೆ ಕಾಣದಿರಲೆಂದು ಬೆನ್ನ ಹಿಂದೆ ಮುಷ್ಟಿ ಕಟ್ಟಿದ ಆ ಬಿಳಿ ಅಂಗೈ —