ಅವ್ವನ ಪ್ರಶ್ನೆ ತರಿಸುವ ಅಕ್ಕೋರು

ರಾಜೇಶ್ವರಿ ಅಕ್ಕೋರು ಪಾಠ ಹೇಳುವ ಕೋಣೆಯಲ್ಲಿ ಕುರ್ಚಿ ಇರುವುದಿಲ್ಲ. ಬೈಲಹೊಂಗಲದ ನಮ್ಮ ಕ್ರೈಸ್ತ ಪ್ರೌಢಶಾಲೆಗೆ ಇಂಗ್ಲಿಷ್ ಕಲಿಸಲು ಬಂದ ಮೊದಲ ವಾರವೇ ಅದನ್ನು ತಾವೇ ಎತ್ತಿಕೊಂಡು ಬಂದು ಸ್ಟಾಫ್‌ರೂಮಿನ ಮೂಲೆಗೆ ಇಟ್ಟು, "ಕುಂತು ಹೇಳಿದ ಪಾಠ ಹಿಂದಿನ ಬೆಂಚಿಗೆ ಮುಟ್ಟೂದಿಲ್ರಿ ಸರ" ಎಂದರು. ಅಂದಿನಿಂದ ಹದಿನಾಲ್ಕು ವರ್ಷ ಆ ಹೆಚ್ಚುವರಿ ಕುರ್ಚಿಯ ಮೇಲೆ ಕಾಲು ಚಾಚಿ ಸುಖಪಟ್ಟವನು ನಾನು, ಕನ್ನಡದ ಮಾಸ್ತರ. ಒಬ್ಬರ ಹಟದಿಂದ ಇನ್ನೊಬ್ಬರಿಗೆ ಸೌಖ್ಯ ಒದಗುವುದಾದರೆ ಬೇಡವೆನ್ನಲು ನಾನೇನು ಸನ್ಯಾಸಿಯೇ?

ಅವರದು ಗಿಡ್ಡ ಆಕೃತಿ, ಹಣೆ ತುಂಬ ವಿಭೂತಿ, ಕೈಯಲ್ಲಿ ಪಟ್ಟಿ ಕಿತ್ತು ಎರಡು ಸಲ ಹೊಲಿಸಿದ ಚೀಲ. ನಡಿಗೆಯಂತೂ ಎದುರಿಗೆ ಬಂದವರೇ ದಾರಿ ಬಿಡಬೇಕು, ಹಾಗೆ. ಕಿತ್ತೂರಿನ ಆಚೆ ದೇಗಾಂವದಿಂದ ದಿನವೂ ಬಸ್ಸಿನಲ್ಲಿ ಬರುವ ಅವರು, ಕಬ್ಬಿನ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಹೊರಟ ಟ್ರೇಲರುಗಳು ರಸ್ತೆ ತುಂಬಿ ನಿಂತು ಬಸ್ಸು ಅಲುಗದಾದಾಗ, ಕಂಡಕ್ಟರನ ಸಮಾಧಾನದ ಮಾತಿಗೆ ಕಾಯದೆ ಕೆಳಗಿಳಿದು, ಒಮ್ಮೆ ಮೂರು ಮೈಲು ನಡೆದೇ ಮೊದಲ ಗಂಟೆಗೆ ಮುಟ್ಟಿದ್ದರು. ಸೀರೆಯ ಅಂಚಿಗೆ ಕೆಂಪು ಧೂಳು, ಮುಖದಲ್ಲಿ ಎಳ್ಳಷ್ಟೂ ದಣಿವಿಲ್ಲ. "ಅಲ್ರಿ ಅಕ್ಕೋರ, ಒಂದು ತಾಸು ತಡಾ ಆದ್ರ ಇಂಗ್ಲಿಷ್ ಓಡಿ ಹೊಕ್ಕೈತೇನ್ರಿ?" ಎಂದು ನಾನು ಚೇಷ್ಟೆ ಮಾಡುವಷ್ಟರಲ್ಲಿ ಅವರು ಸೀಮೆಸುಣ್ಣ ಎತ್ತಿಕೊಂಡು ತರಗತಿಗೆ ಹೊರಟಾಗಿತ್ತು. ಮೊಂಡ ರಾಜನಿಗಿಂತ ಬಲವಂತ ಎನ್ನುವ ಗಾದೆಯನ್ನು ನಾನು ಮಕ್ಕಳಿಗೆ ವಿವರಿಸುವಾಗ ಕಣ್ಣೆದುರು ಇವರೇ ನಿಲ್ಲುತ್ತಿದ್ದರು.

ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಆದರೂ ಬೆಳಗಿನ ಪ್ರಾರ್ಥನೆಯ ಹೊತ್ತು ದೇವವಾಕ್ಯವನ್ನು ಇಂಗ್ಲಿಷಿನಲ್ಲಿ ಓದುವವರು ಅವರೇ. ಅಷ್ಟು ನಿಧಾನವಾಗಿ, ಅಷ್ಟು ಸ್ಪಷ್ಟವಾಗಿ ಓದುವವರು ಸಿಸ್ಟರುಗಳಲ್ಲಿಯೂ ಇರಲಿಲ್ಲ. ಇದರಲ್ಲಿ ವಿಚಿತ್ರವೇನಾದರೂ ಇದೆಯೆಂದು ಅವರಿಗಾಗಲಿ ಶಾಲೆಗಾಗಲಿ ಅನ್ನಿಸಿದ್ದು ನಾನು ಕಾಣೆ.

ಆದರೆ ವಿಚಿತ್ರವಾದದ್ದು ಅವರು ಮಕ್ಕಳಿಗೆ ಕೊಡುತ್ತಿದ್ದ ಮನೆಪಾಠ. ಇಂಗ್ಲಿಷಿನ ಒಂದು ಕಥೆಯನ್ನೋ ಪದ್ಯವನ್ನೋ ಓದಿಸಿದ ದಿನ ಅವರು ಪ್ರಶ್ನೋತ್ತರ ಬರೆಸುತ್ತಿರಲಿಲ್ಲ, ಗೈಡು ಕಂಡರೆ ಕಸಿದುಕೊಳ್ಳುತ್ತಿದ್ದರು. ಮಕ್ಕಳು ಮನೆಗೆ ಹೋಗಿ ಆ ಪಾಠವನ್ನು ಮನೆಯ ಮಾತಿನಲ್ಲಿ ಅವ್ವನಿಗೋ ಅಜ್ಜಿಗೋ ಹೇಳಬೇಕು. ಕೇಳಿದವರು ಒಂದು ಪ್ರಶ್ನೆಯನ್ನಾದರೂ ಕೇಳಬೇಕು. ಮರುದಿನ ಆ ಪ್ರಶ್ನೆಯನ್ನು ತಂದು ಅದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಹುಡುಕಬೇಕು. ಹಿಮ ಬೀಳುವ ದೇಶದ ಪದ್ಯವೊಂದನ್ನು ಕೇಳಿ ಯಾರದೋ ಅಜ್ಜಿ, "ಅಷ್ಟು ಹಿಮಾ ಬಿದ್ರ ಎಮ್ಮಿ ಏನ್ ತಿಂತಾವ?" ಎಂದಳಂತೆ. ಆ ಎಮ್ಮೆಗಳ ಮೇವಿನ ಮೇಲೆ ಎರಡು ದಿನ ತರಗತಿ ನಡೆಯಿತು. ಮಗು ಸರಿ ಹೇಳಲಿ ತಪ್ಪು ಹೇಳಲಿ, ಅಕ್ಕೋರದು ಒಂದೇ ಮಾತು: "ಹೂಂ, ಮುಂದ?"

ಪಾಲಕರು ಸುಮ್ಮನಿರುತ್ತಾರೆಯೇ? ಕಿರಾಣಿ ಅಂಗಡಿಯ ಲಗಮಪ್ಪ ಒಂದು ದಿನ ಸಿಟ್ಟಿನಿಂದ ಬಂದ. "ಸಿಸ್ಟರ್‌ಗೋಳ ಸಾಲಿ ಅಂತ ಹಾಕೇನ್ರಿ. ಮಗಳು ಮನಿಗೆ ಬಂದು ಕನ್ನಡದಾಗ ಕಥಿ ಹೇಳಿ, ಪ್ರಶ್ನಿ ಕೇಳು ಅಂತ ಅವರವ್ವನ ಬೆನ್ನ ಹತ್ಯಾಳ. ಆಕಿ ಪ್ರಶ್ನಿ ಸಿಗವಲ್ದು ಅಂತ ಬಾಜೂ ಮನಿಗೆ ಹೋಗಿ ಕಡಾ ತಂದ್ಲು! ಪರೀಕ್ಷಾ ಯಾರ್ದರಿ, ನಮ್ದೋ ಹುಡುಗೀದೋ?"

"ಇಬ್ಬರದೂರಿ. ಕುಂಡ್ರಿ, ಚಾ ಕುಡೀರಿ," ಎಂದರು ಅಕ್ಕೋರು.

ಲಗಮಪ್ಪ ಚಹಾ ಕುಡಿದು ಹೋದ. ಪದ್ಧತಿ ಕೂದಲೆಳೆಯಷ್ಟೂ ಬದಲಾಗಲಿಲ್ಲ.

ಹೋದ ವರ್ಷದ ಜನವರಿಯಲ್ಲಿ ಈ ಹಟಕ್ಕೆ ನಿಜವಾದ ಪರೀಕ್ಷೆ ಬಂತು. ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವರ 'ಬ' ವಿಭಾಗದ ಶಿವಾನಿ ಎಂಬ ಹುಡುಗಿಗೆ ಇಂಗ್ಲಿಷಿನಲ್ಲಿ ಎಂಬತ್ತಕ್ಕೆ ಹನ್ನೊಂದು. ರಾಮದುರ್ಗ ತಾಲೂಕಿನ ಸಾಲಹಳ್ಳಿಯವಳು, ಶಾಲೆಯ ಹಾಸ್ಟೆಲಿನಲ್ಲಿದ್ದಳು, ಕರೆದರೆ ಮಾತ್ರ ಮಾತಾಡುವ ಸ್ವಭಾವ. ನನ್ನ 'ಅ' ವಿಭಾಗದಲ್ಲಿ ಪರಶು ಎನ್ನುವವನದೂ ಅದೇ ಗತಿ. ನಮ್ಮ ಶಾಲೆಯದು ಆರು ವರ್ಷಗಳಿಂದ ನೂರಕ್ಕೆ ನೂರು ಫಲಿತಾಂಶ. ಗೇಟಿನ ಮೇಲೆ ಬ್ಯಾನರು. ಅದನ್ನು ಕಾಯುವ ಗುಟ್ಟು ಸ್ಟಾಫ್‌ರೂಮಿನಲ್ಲಿ ಯಾರಿಗೂ ಗುಟ್ಟಾಗಿರಲಿಲ್ಲ. ನಪಾಸಾಗುವಂಥ ಮಕ್ಕಳ ಹೆಸರಿನ ಮುಂದೆ ಹಾಜರಿ ಕಡಿಮೆ ಎಂದು ತೋರಿಸುವುದು, ಕ್ಲಾಸ್ ಟೀಚರ್ ಸಹಿ ಹಾಕುವುದು, ಮಗು ಆ ವರ್ಷ ಪರೀಕ್ಷೆಗೆ ಕೂಡದಿರುವುದು.

ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಫಿಲೋಮಿನಾ ಮಂಗಳೂರಿನ ಕಡೆಯವರು, ಕೆಟ್ಟವರಲ್ಲ. "ನನಗೂ ಮೇಲಿನಿಂದ ಒತ್ತಡ ಇದೆ ಟೀಚರ್. ಎಲ್ಲ ಶಾಲೆಯವರೂ ಮಾಡ್ತಾರೆ," ಎಂದು ಅಂಥ ಹೆಸರುಗಳ ಪಟ್ಟಿಯನ್ನು ನಮ್ಮಿಬ್ಬರ ಮುಂದೆ ಸರಿಸಿದರು.

ನಾನು ಸಹಿ ಮಾಡಿದೆ. ಬಣ್ಣ ಹಚ್ಚಿ ಹೇಳುವುದಿಲ್ಲ, ಮಾಡಿ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡೆ.

ಅಕ್ಕೋರು ಪಟ್ಟಿಯನ್ನು ಓದಿ ವಾಪಸು ಸರಿಸಿದರು. "ಈ ಹುಡುಗಿ ಒಂದು ದಿನಾನೂ ಸಾಲಿ ತಪ್ಪಿಸಿಲ್ರಿ ಸಿಸ್ಟರ್. ಹಾಜರಿ ನಾನಽ ಹಾಕೇನಿ. ಹಾಕಿದ್ದನ್ನ ಹೆಂಗ ಅಳಸ್ಲಿ?"

"ಅವಳು ಫೇಲಾದರೆ?"

"ಫೇಲಾದ್ರ ನನ್ನ ಹೆಸರಿಗೆ ಬರ್ಕೊಳ್ರಿ."

"ಹಾಗಾದರೆ ಮುಂದಿನ ವರ್ಷ ನಿಮಗೆ ಹತ್ತನೇ ತರಗತಿ ಕೊಡಲಿಕ್ಕೆ ಆಗುವುದಿಲ್ಲ."

"ಆತ್ರಿ," ಎಂದು ಅವರು ಎದ್ದೇಬಿಟ್ಟರು. ಹತ್ತನೆಯ ತರಗತಿಯೆಂದರೆ ಅವರಿಗೆ ಪ್ರಾಣ. ನನಗೂ ಅಲ್ಲಿ ಹೆಚ್ಚು ಹೊತ್ತು ಕೂರಲಾಗಲಿಲ್ಲ. ಅದನ್ನು ಅವರ ಮೇಲಿನ ಸಿಟ್ಟೆಂದು ತಿಳಿದುಕೊಂಡೆ.

ಮರುದಿನ ಅವರು ಶಿವಾನಿಯನ್ನು ಕರೆದು ಕೇಳಿದರು. ಎರಡು ವರ್ಷಗಳಲ್ಲಿ ಒಮ್ಮೆಯೂ ಅವಳು ಅವ್ವನ ಪ್ರಶ್ನೆ ತಂದಿರಲಿಲ್ಲ. ಅಕ್ಕೋರ ಚಿಕ್ಕ ವಹಿಯಲ್ಲಿ ಅವಳ ಹೆಸರಿನ ಮುಂದೆ ಉದ್ದಕ್ಕೂ 'ತಂದಿಲ್ಲ, ತಂದಿಲ್ಲ' ಎಂದೇ ಇತ್ತು. ಆಲಸ್ಯವೆಂದು ಅವರು ಬಗೆದಿದ್ದರು. ಹುಡುಗಿ ನೆಲ ನೋಡುತ್ತ ಹೇಳಿದಳು, "ಯಾರಿಗೆ ಹೇಳಲ್ರಿ ಅಕ್ಕೋರ? ನಮ್ಮವ್ವ ಸಾಲಹಳ್ಳ್ಯಾಗ ಅದಾಳ. ಐತವಾರಕ್ಕೊಮ್ಮೆ ಐದು ಮಿಂಟ ಫೋನ್ ಕೊಡತಾರ."

ಹಾಸ್ಟೆಲಿನ ಉಳಿದ ಹುಡುಗಿಯರು ತಾವೇ ಪ್ರಶ್ನೆ ಕಟ್ಟಿ ಅವ್ವಂದಿರ ಹೆಸರಿಗೆ ಹಚ್ಚುತ್ತಿದ್ದರೆಂಬುದು ಆಗ ಹೊರಬಿತ್ತು. ಇವಳಿಗೆ ಆ ಸುಳ್ಳು ಹೊಳೆದಿರಲಿಲ್ಲ. ಅಕ್ಕೋರು ಸ್ಟಾಫ್‌ರೂಮಿಗೆ ಬಂದು ಗೋಡೆಗೆ ಒರಗಿ ನಿಂತರು. "ತಪ್ಪು ನಂದಽ ಐತ್ರಿ ಸರ. ಮನಿ ಇಲ್ಲದಾಕಿಗೆ ಮನಿಪಾಠ ಕೊಟ್ಟೆ. ಎರಡು ವರ್ಷ ಕೇಳಲಿಲ್ಲ ನೋಡ್ರಿ, ಎಂಥಾ ಮಾಸ್ತರಕಿ ನಂದು!" ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ. ಅಂದೇ ಸಂಜೆ ಹಾಸ್ಟೆಲಿನ ಅಡುಗೆಮನೆಗೆ ಹೋಗಿ, ರೊಟ್ಟಿ ಬಡಿಯುವ ಶಟ್ಟೆವ್ವನ ಮುಂದೆ ಹುಡುಗಿಯನ್ನು ಕೂರಿಸಿದರು. "ದಿನಾ ಸಂಜೀಕೆ ಈಕಿ ಒಂದು ಕಥಿ ಹೇಳತಾಳ. ಸುಮ್ನ ಕೇಳಬ್ಯಾಡಬೇ, ತಿಳೀಲಿಲ್ಲಂದ್ರ ಬಿಡಬ್ಯಾಡ."

ಶಟ್ಟೆವ್ವ ಬಿಡುವ ಪೈಕಿಯವಳೇ? ಸಮುದ್ರದ ದಂಡೆಯ ಗೋಪುರದಲ್ಲಿ ದೀಪ ಹಚ್ಚುವ ಮುದುಕನ ಪಾಠ ಕೇಳಿ, ರೊಟ್ಟಿ ಕೈಯಲ್ಲೇ ಹಿಡಿದು ಕೇಳಿದಳಂತೆ: "ದಿನಾ ಕತ್ತಲ್ಯಾಗ ಅಂವ ಅಲ್ಲೇ ಕುಂತ್ರ, ಅವನ ಹೇಣ್ತಿ ಏನ್ ಅಂತಿದ್ಲು?" ಪುಸ್ತಕದಲ್ಲಿ ಹೆಂಡತಿಯ ಸುದ್ದಿಯೇ ಇಲ್ಲ. ಶಿವಾನಿ ಮೂರು ಸಲ ಪಾಠ ತಿರುವಿ ಹಾಕಿ, ಕೊನೆಗೆ ತಾನೇ ಎರಡು ಇಂಗ್ಲಿಷ್ ವಾಕ್ಯ ಬರೆದು ತಂದಳು: ಹೆಂಡತಿ ಸಿಟ್ಟು ಮಾಡುತ್ತಿದ್ದಳು, ಆದರೂ ಬುತ್ತಿ ಕಟ್ಟಿ ಕೊಡುತ್ತಿದ್ದಳು. ಕಾಗುಣಿತ ದೇವರಿಗೇ ಪ್ರೀತಿ. ಅಕ್ಕೋರು ಆ ಹಾಳೆಯನ್ನು ನನಗೆ ತೋರಿಸಿ, ಮಡಚಿ ಚೀಲದಲ್ಲಿಟ್ಟುಕೊಂಡರು. ಮುಂದಿನ ಎರಡು ತಿಂಗಳು ಶಾಲೆ ಬಿಟ್ಟ ಮೇಲೂ ಅವರು ನಿಂತೇ ಇದ್ದರು, ಹುಡುಗಿ ಬರೆಯುತ್ತಲೇ ಇದ್ದಳು. ದೇಗಾಂವದ ಸಂಜೆಯ ಬಸ್ಸು ಎಷ್ಟು ಸಲ ತಪ್ಪಿತೋ ಲೆಕ್ಕವಿಲ್ಲ.

ಕಥೆಯಾಗಿದ್ದರೆ ಹುಡುಗಿ ಪಾಸಾಗಬೇಕಿತ್ತು. ಬೋರ್ಡಿನ ಪರೀಕ್ಷೆಯಲ್ಲಿ ಎಂಬತ್ತಕ್ಕೆ ಇಪ್ಪತ್ತೆಂಟು ಬೇಕಿತ್ತು, ಇಪ್ಪತ್ತಾರು ಬಂತು. ಬ್ಯಾನರು ಆ ವರ್ಷ ಏರಲಿಲ್ಲ. ಸಿಸ್ಟರ್ ಸಿಟ್ಟಿಗಿಂತ ಹೆಚ್ಚಾಗಿ ನೋವಿನಿಂದ ಹೇಳಿದರು, "ನೋಡಿದಿರಾ ಟೀಚರ್? ಒಂದು ಸಹಿ ಮಾಡಿದ್ದರೆ ಶಾಲೆಯ ಮಾನವೂ ಉಳಿಯುತ್ತಿತ್ತು, ಆ ಹುಡುಗಿಗೆ ಅವಮಾನವೂ ತಪ್ಪುತ್ತಿತ್ತು."

"ಬರದು ಬಿದ್ದಾಕಿ ಎದ್ದೇಳತಾಳ್ರಿ ಸಿಸ್ಟರ್," ಎಂದರು ಅಕ್ಕೋರು. "ಬರ್ಯಾಕಽ ಬಿಡದಿದ್ರ ಆಕಿ ಎಲ್ಲಿಂದ ಏಳಬೇಕು?"

ಅವರಿಗೆ ಎಂಟನೆಯ ತರಗತಿ ಕೊಟ್ಟರು. ತಕರಾರಿಲ್ಲದೆ ಒಪ್ಪಿಕೊಂಡರು. ಈಗ ವರ್ಷಕ್ಕೆ ಮೂರು ಸಲ ಪರೀಕ್ಷೆ. ಒಮ್ಮೆ ಕೂತು ನಪಾಸಾದವರಿಗೆ ಎರಡನೆಯ ಬಾಗಿಲು ಬೇಗನೆ ತೆರೆಯುತ್ತದೆ. ಬೇಸಿಗೆ ರಜೆಯಲ್ಲಿ ಹಾಸ್ಟೆಲು ಮುಚ್ಚಿದ್ದರಿಂದ ಅಕ್ಕೋರು ಹುಡುಗಿಯನ್ನು ದೇಗಾಂವದ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಎರಡನೆಯ ಸಲ ಶಿವಾನಿಗೆ ನಲವತ್ತೊಂದು ಬಂತು. ಈಗ ಅವಳು ರಾಮದುರ್ಗದ ಕಾಲೇಜಿನಲ್ಲಿದ್ದಾಳೆ.

ಪರಶುವಿಗೆ ಎರಡನೆಯ ಬಾಗಿಲೂ ಇರಲಿಲ್ಲ, ಮೂರನೆಯದೂ ಇರಲಿಲ್ಲ. ಹಾಜರಿ ಸಾಲದವನು ಯಾವ ಪರೀಕ್ಷೆಗೂ ಕೂಡುವಂತಿಲ್ಲ. ಹಾಗೆಂದು ಬರೆದುಕೊಟ್ಟವನು ನಾನು. ಮೊನ್ನೆ ಸವದತ್ತಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಮತ್ತೆ ಶಾಲೆಗೆ ಬಾರೋ, ಇನ್ನೊಂದು ವರ್ಷ ಕೂತರೆ ಆಯಿತು ಎಂದೆ. "ಬಿಡ್ರಿ ಸರ, ನಾ ದಿನಾ ಬಂದಿದ್ದೂ ಹಾಜರಿ ಬೀಳಲಿಲ್ಲ, ಇನ್ನ್ಯಾತಕ್ಕ ಬರ್ಲಿ?" ಎಂದು ನಕ್ಕು, ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ. ಆ ನಮಸ್ಕಾರ ನನಗೆ ಇನ್ನೂ ಅರಗಿಲ್ಲ.

ರಾಜೇಶ್ವರಿ ಅಕ್ಕೋರಂಥವರು ಊರಿಗೊಬ್ಬರೋ ಇಬ್ಬರೋ ಇರುತ್ತಾರೆ. ಅವರನ್ನು ಹೊಗಳುವುದು ಸುಲಭ, ಅವರ ಪಕ್ಕದಲ್ಲಿ ಕೆಲಸ ಮಾಡುವುದು ಕಷ್ಟ. ಉಪದೇಶ ಮಾಡುವವರಾಗಿದ್ದರೆ ಕಿವಿ ಮುಚ್ಚಿಕೊಳ್ಳಬಹುದಿತ್ತು. ಅವರು ಯಾರಿಗೂ ಏನನ್ನೂ ಹೇಳುವುದಿಲ್ಲ, ನನ್ನ ಸಹಿಯ ಬಗ್ಗೆ ಇಂದಿಗೂ ಒಂದು ಮಾತು ಆಡಿಲ್ಲ. ಬೇರೆ ದಾರಿಯೇ ಇರಲಿಲ್ಲವೆಂದು ನಾವೆಲ್ಲ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುವ ಹೊತ್ತಿಗೆ, ಇಂಥವರೊಬ್ಬರು ಆ ದಾರಿಯಲ್ಲಿ ಆಗಲೇ ನಡೆದುಹೋಗಿರುತ್ತಾರೆ. ಆಮೇಲೆ ನಮ್ಮ ಬಾಯಿಗೆ ಆ ಮಾತು ಬರುವುದಿಲ್ಲ.